ಬಣ್ಣದ ಕೀಲಿಗಳು ಕಣ್ಣಿಗೋ, ಬೆರಳಿಗೋ?

ಬೆರಳಚ್ಚು ಕಲಿಯುವವರಿಗೆಂದೇ ತಯಾರಾದ ಬಣ್ಣದ ಕೀಬೋರ್ಡ್ ಮೊದಲ ನೋಟಕ್ಕೆ ಆಟಿಕೆಯಂತೆ ಕಾಣುತ್ತದೆ. ಅದರ ಮೇಲೆ ಕೈಯಿಟ್ಟಾಗ ಬಣ್ಣಗಳ ಹಿಂದಿನ ಲೆಕ್ಕಾಚಾರ ತಿಳಿಯತೊಡಗುತ್ತದೆ. ನಾನು ನೋಡಿದ ಕೀಬೋರ್ಡಿನಲ್ಲಿ ಬೆರಳಿಗೊಂದು ಬಣ್ಣ. ಎಡಗೈಯ ಕಿರುಬೆರಳಿಗೆ ಕ್ಯು, ಎ, ಝಡ್. ಉಂಗುರಬೆರಳಿಗೆ ಡಬ್ಲ್ಯು, ಎಸ್, ಎಕ್ಸ್. ನಡುಬೆರಳಿಗೆ ಇ, ಡಿ, ಸಿ. ತೋರುಬೆರಳು ಹೆಚ್ಚು ಚುರುಕು, ಹಾಗಾಗಿ ಅದರ ಪಾಲಿಗೆ ಆರು ಅಕ್ಷರ. ಓರೆಯಾಗಿ ಇಳಿಯುವ ಈ ಪಟ್ಟಿಗಳು ಕಪ್ಪು ಕೀಬೋರ್ಡಿನಲ್ಲೂ ಇರುತ್ತವೆ, ಕಾಣುವುದಿಲ್ಲ ಅಷ್ಟೆ. ಅಡಗಿದ್ದ ಆ ಹಂಚಿಕೆಯನ್ನು ಕಣ್ಣೆದುರು ತಂದಿರುವುದು ನನಗೆ ತುಂಬ ಹಿಡಿಸಿತು.

ಇದಕ್ಕೆ ಬಣ್ಣವೇ ಏಕೆ ಬೇಕು? ಬೂದು ಚುಕ್ಕೆಗಳ ನಡುವೆ ಒಂದೇ ಒಂದು ಕೆಂಪು ಚುಕ್ಕೆಯಿದ್ದರೆ ಅದನ್ನು ಹುಡುಕಬೇಕಾಗಿಲ್ಲ, ತಾನಾಗಿ ಕಣ್ಣಿಗೆ ಬೀಳುತ್ತದೆ. ಸುತ್ತಲಿನ ಚುಕ್ಕೆಗಳು ಹತ್ತಿದ್ದರೂ ಐವತ್ತಿದ್ದರೂ ತಗಲುವ ಸಮಯ ಹೆಚ್ಚುಕಡಿಮೆ ಅಷ್ಟೇ. ಅಕ್ಷರಗಳ ಗುಂಪಿನಲ್ಲಿ ಒಂದು ಅಕ್ಷರವನ್ನು ಹುಡುಕುವಾಗ ಈ ಅನುಕೂಲವಿಲ್ಲ. ಗಮನ ಒಂದರಿಂದ ಇನ್ನೊಂದಕ್ಕೆ ಸರಿಯುತ್ತ ಹೋಗಬೇಕು. ಯಾವ ಬಣ್ಣ ಎಂಬುದು ನೆನಪಿದ್ದರೆ 26 ಅಕ್ಷರಗಳಲ್ಲಿ ಹುಡುಕುವ ಕೆಲಸ ಕೆಲವೇ ಅಕ್ಷರಗಳಿಗೆ ಇಳಿಯುತ್ತದೆ.

ಆದರೆ ಒಂದು ತಕರಾರಿದೆ. ಎಡಗೈ ನಡುಬೆರಳಿಗೂ ಬಲಗೈ ನಡುಬೆರಳಿಗೂ ಇಲ್ಲಿ ಒಂದೇ ಹಸಿರು. ನೋಟಕ್ಕೆ ಚೆನ್ನಾಗಿದೆ, ಕಲಿಕೆಗೆ ಒಳ್ಳೆಯದಲ್ಲ. ಡಿ ಒತ್ತಬೇಕಾದಲ್ಲಿ ಕೆ, ಇ ಒತ್ತಬೇಕಾದಲ್ಲಿ ಐ ಒತ್ತುವುದು ಬೆರಳಚ್ಚಿನಲ್ಲಿ ಸಂಶೋಧಕರು ಗುರುತಿಸಿರುವ ಒಂದು ಬಗೆಯ ತಪ್ಪು: ಬೆರಳು ಸರಿ, ಸಾಲು ಸರಿ, ಕೈ ಮಾತ್ರ ಬೇರೆ. ಮೊದಲೇ ಗೊಂದಲಕ್ಕೆ ಎಡೆಯಿರುವ ಆ ಜೋಡಿಗೆ ಒಂದೇ ಬಣ್ಣ ಬಳಿಯಬಾರದಿತ್ತು. ಕೆಂಪು ಮತ್ತು ಹಸಿರನ್ನು ಅಕ್ಕಪಕ್ಕ ಇಟ್ಟಿರುವುದೂ ಸರಿಯಲ್ಲ. ಆ ಎರಡು ಬಣ್ಣಗಳನ್ನು ಬೇರ್ಪಡಿಸಿ ನೋಡಲಾಗದವರು, ಅದರಲ್ಲೂ ಗಂಡುಮಕ್ಕಳು, ಕಡಿಮೆಯೇನಿಲ್ಲ.

ಬಣ್ಣ ಎಷ್ಟು ದಿನ ಜೊತೆಗಿರಬೇಕು ಎಂಬುದು ಇನ್ನೂ ಮುಖ್ಯವಾದ ಪ್ರಶ್ನೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು ನುರಿತ ಬೆರಳಚ್ಚುಗಾರರ ಮುಂದೆ ಖಾಲಿ ಕೀಬೋರ್ಡಿನ ಚಿತ್ರವಿಟ್ಟು ಅಕ್ಷರಗಳನ್ನು ತುಂಬಿಸಲು ಹೇಳಿದ್ದರು. ನಿಮಿಷಕ್ಕೆ ಸರಾಸರಿ 72 ಪದಗಳನ್ನು ಒತ್ತುತ್ತಿದ್ದ ಅವರು ಸರಿಯಾದ ಜಾಗದಲ್ಲಿ ಬರೆದದ್ದು ಸರಾಸರಿ 15 ಅಕ್ಷರಗಳನ್ನು ಮಾತ್ರ. 2014ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ. ಬೆರಳುಗಳು ದಿನವಿಡೀ ಬಳಸುವ ಜ್ಞಾನ ಕೇಳಿದಾಗ ಬಾಯಿಗೆ ಬರುವುದಿಲ್ಲ. ಅದು ಚಲನೆಯ ನೆನಪಾಗಿ ಉಳಿದಿರುತ್ತದೆ. ಬಣ್ಣ ನೋಡಿ ಕೀಲಿ ಒತ್ತುತ್ತಲೇ ಇದ್ದರೆ ಆ ನೆನಪು ಬೆಳೆಯಲು ಬೇಕಾದ ಅಭ್ಯಾಸ ಸಿಗುವುದಿಲ್ಲ. ಚಲನೆಯ ಕಲಿಕೆಯ ಸಂಶೋಧನೆಯೂ ಇದನ್ನೇ ಎಚ್ಚರಿಸುತ್ತದೆ: ಸದಾ ದಾರಿ ತೋರುವ ನೆರವು ಅಭ್ಯಾಸದ ಹೊತ್ತಿನಲ್ಲಿ ಸಾಧನೆಯನ್ನು ಹೆಚ್ಚಿಸಿ, ನೆರವು ತೆಗೆದೊಡನೆ ಕೈಕೊಡಬಹುದು.

ಹಾಗೆಂದು ಬಣ್ಣ ವ್ಯರ್ಥವೆನ್ನಲಾರೆ. ಯಾವ ಕೀಲಿ ಯಾವ ಬೆರಳಿಗೆ ಎಂಬ ಮೊದಲ ಗೊಂದಲವನ್ನು ಅದು ಸೊಗಸಾಗಿ ಬಿಡಿಸುತ್ತದೆ. ಅಲ್ಲಿಂದ ಮುಂದೆ ಕಲಿಸುವವು ಎಫ್ ಮತ್ತು ಜೆ ಕೀಲಿಗಳ ಮೇಲಿನ ಪುಟ್ಟ ಉಬ್ಬುಗಳು. ತೋರುಬೆರಳುಗಳು ಅವನ್ನು ಸವರಿ ತಮ್ಮ ನೆಲೆ ಕಂಡುಕೊಳ್ಳುತ್ತವೆ, ಕಣ್ಣು ಪರದೆಯ ಮೇಲೇ ಇರಬಹುದು. ಮಕ್ಕಳಿಗೆ ಕೊಳ್ಳುವಾಗ ಈ ಉಬ್ಬುಗಳಿವೆಯೇ ಎಂದು ಮುಟ್ಟಿ ನೋಡಬೇಕು. ಕೀಲಿಗಳ ಅಳತೆಯನ್ನೂ ಗಮನಿಸಬೇಕು: ಸಾಮಾನ್ಯ ಕೀಬೋರ್ಡಿನಲ್ಲಿ ಒಂದು ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ ಸುಮಾರು 19 ಮಿಲಿಮೀಟರ್ ಅಂತರವಿರುತ್ತದೆ. ತೀರ ದೊಡ್ಡ ಕೀಲಿಗಳ ಮೇಲೆ ಬೆರಳು ರೂಢಿಸಿಕೊಂಡ ದೂರ ಬೇರೆ ಕೀಬೋರ್ಡಿಗೆ ಹೋದಾಗ ಹೊಂದುವುದಿಲ್ಲ. ಒಂದಿಷ್ಟು ಅಭ್ಯಾಸವಾದ ಮೇಲೆ ಕೈಗಳ ಮೇಲೊಂದು ತೆಳುವಾದ ಬಟ್ಟೆ ಹೊದಿಸಿ ಒತ್ತಿಸಿ ನೋಡಿದರೆ, ಬಣ್ಣದ ಕೆಲಸ ಮುಗಿದಿದೆಯೇ ಇಲ್ಲವೇ ಎಂಬುದು ಪರದೆಯ ಮೇಲಿನ ಪದಗಳಿಂದಲೇ ಗೊತ್ತಾಗುತ್ತದೆ.