ಮಳೆ ತೊಳೆದು ಉಳಿಸಿದ್ದು: ಮುರಕಲ್ಲು, ಶೇಡಿ ಮತ್ತು ನಮ್ಮ ಗುಡ್ಡೆಯ ಮಣ್ಣು

ಶಿಥಿಲೀಕರಣದ ಪಾಠವನ್ನು ಉರುಹೊಡೆಯುವ ಬದಲು ಒಮ್ಮೆ ಹತ್ತಿರದ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಕೋರೆಗೆ ಹೋಗಿ ಬನ್ನಿ. ಕಾಸರಗೋಡಿನವರಿಗೆ ಅದೇನು ದೂರವಲ್ಲ. ಮಳೆಗಾಲದಲ್ಲಿ ಮಾತ್ರ ಬೇಡ, ಅಂಚು ಜಾರುತ್ತದೆ.

ಮೊದಲು ಒಂದು ಗೊಂದಲ ಕಳೆದುಕೊಳ್ಳೋಣ. ಬಂಡೆ ಇದ್ದಲ್ಲೇ ಶಿಥಿಲವಾಗುವುದು ಶಿಥಿಲೀಕರಣ. ಹಾಗೆ ಪುಡಿಯಾದದ್ದನ್ನು ನೀರೋ ಗಾಳಿಯೋ ಹೊತ್ತೊಯ್ಯುವುದು ಸವೆತ. ಪರೀಕ್ಷೆಯಲ್ಲಿ ಇವೆರಡನ್ನು ಅದಲುಬದಲು ಮಾಡಿ ಅಂಕ ಕಳೆದುಕೊಳ್ಳುವವರೇ ಹೆಚ್ಚು.

ನಮ್ಮ ಪದವುಗಳ (ಗುಡ್ಡೆಯ ಮೇಲಿನ ಸಮತಟ್ಟು ಜಾಗ) ಅಡಿಯಲ್ಲಿರುವುದು ನೈಸ್, ಚಾರ್ನೊಕೈಟ್‌ನಂಥ ಕಗ್ಗಲ್ಲು. 200 ಕೋಟಿ ವರ್ಷಗಳಿಗೂ ಹಳೆಯದು. ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಆಮ್ಲವಾಗುತ್ತದೆ. ಅದು ಬಿರುಕುಗಳಲ್ಲಿ ಇಳಿದಾಗ ಬಂಡೆಯ ಫೆಲ್ಡ್‌ಸ್ಪಾರ್ ಎಂಬ ಖನಿಜ ಒಡೆದು ಕೆಯೊಲಿನೈಟ್ ಎಂಬ ಜೇಡಿಯಾಗುತ್ತದೆ. ಪೊಟ್ಯಾಸಿಯಂ, ಕ್ಯಾಲ್ಸಿಯಂ, ಸೋಡಿಯಂ ಕರಗಿ ಹೋಗುತ್ತವೆ. ನಿಧಾನವಾಗಿ ಸಿಲಿಕಾ (ಮರಳಿನ ಮುಖ್ಯ ಅಂಶ) ಕೂಡ. ನೀರಿಗೆ ಸುಲಭವಾಗಿ ಕರಗದೆ ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಮಳೆಗಾಲದಲ್ಲಿ ಅಂತರ್ಜಲ ಏರಿ ಗಾಳಿ ಸಿಗದಾದಾಗ ಕಬ್ಬಿಣ ಕರಗಿ ಅತ್ತಿತ್ತ ಸರಿಯುತ್ತದೆ, ಬೇಸಗೆಯಲ್ಲಿ ನೀರಿಳಿದು ಗಾಳಿ ತಾಗಿದಾಗ ತುಕ್ಕಾಗಿ ಅಲ್ಲೇ ಕೂರುತ್ತದೆ. ಲಕ್ಷಾಂತರ ವರ್ಷ ಇದೇ ನಡೆದು ಮುರಕಲ್ಲಾಯಿತು. ಕಲ್ಲಿನ ಬಣ್ಣ ತುಕ್ಕಿನದೇ.

ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಮಲಬಾರಿನ ಅಂಗಡಿಪುರದ ಕಲ್ಲಿನ ವರ್ಣನೆಯಿದೆ. ಲ್ಯಾಟಿನ್‌ನಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ನೆಲದೊಳಗೆ ಮೆತ್ತಗಿದ್ದು ಕಡಿಯಲು ಬರುವ ಕಲ್ಲು ಗಾಳಿಗೆ ಒಣಗಿದಂತೆ ಗಟ್ಟಿಯಾಗುವುದು ಅವನ ಕಣ್ಣಿಗೂ ಬಿದ್ದಿತ್ತು. ಬೇಕಲ ಕೋಟೆ ಕಟ್ಟಿದ್ದು ಇದೇ ಕಲ್ಲಿನಲ್ಲಿ.

ಸಿಲಿಕಾ ಬಹುಪಾಲು ತೊಳೆದುಹೋಗಿ ಅಲ್ಯೂಮಿನಿಯಂ ಅಂಶವೇ ಹೆಚ್ಚಾಗಿ ಉಳಿದಲ್ಲಿ ಬಾಕ್ಸೈಟ್, ಅಂದರೆ ಅಲ್ಯೂಮಿನಿಯಂ ಅದಿರು. ನೀಲೇಶ್ವರದ ಕಡೆ ಅದರ ನಿಕ್ಷೇಪವಿದೆ. ಮುರಕಲ್ಲಿನ ಅಡಿಯಲ್ಲಿ, ಕಬ್ಬಿಣ ಅಷ್ಟಾಗಿ ಸೇರದ ಕಡೆ, ಬಿಳಿ–ತಿಳಿಗೆಂಪು ಜೇಡಿಯ ಪದರ, ಅದೇ ಶೇಡಿ.

ನನಗೆ ಬಹಳ ಹಿಡಿಸುವುದು ಮುರಕಲ್ಲು, ಶೇಡಿ ಈ ಎರಡು ಪದರಗಳ ನಡುವಿನ ಗಡಿ. ತೂತು ತೂತಾದ ಮುರಕಲ್ಲಿನಲ್ಲಿ ನೀರು ಸಲೀಸಾಗಿ ಇಳಿಯುತ್ತದೆ, ಶೇಡಿಯಲ್ಲಿ ತಡೆಯುತ್ತದೆ. ಗುಡ್ಡೆಯ ಬದಿಯಿಂದ ಅಡ್ಡಕ್ಕೆ ಕೊರೆದ ನಮ್ಮ ಸುರಂಗಗಳಿಗೆ ನೀರು ಒಸರುವುದು ಹೀಗೆ. ಪಂಪು ಬೇಡ, ಕರೆಂಟು ಬೇಡ. ಆದರೆ ಕೊರೆಯುತ್ತ ಹೋಗಿ ಶೇಡಿ ಸಿಕ್ಕರೆ ಕುಸಿತದ ಭಯ. ಇನ್ನು ಮೇಲಿನ ಕಲ್ಲನ್ನೆಲ್ಲ ಕಡಿದು ಸಾಗಿಸಿದರೆ ನೀರು ತಂಗುವ ಜಾಗವೇ ಹೋಯಿತು. ಕೋರೆಯ ಲೆಕ್ಕದಲ್ಲಿ ಇದನ್ನು ಯಾರೂ ಬರೆಯುವುದಿಲ್ಲ.

ಕಟ್ಟಡಕ್ಕೆ ಒಳ್ಳೆಯ ಕಲ್ಲು ಕೊಟ್ಟ ಅದೇ ತೊಳೆತ ಬೆಳೆಗೆ ಬಡ ಮಣ್ಣು ಕೊಟ್ಟಿದೆ. ಗುಡ್ಡೆಯ ಮಣ್ಣು ಹುಳಿ. ಕೆಯೊಲಿನೈಟ್‌ಗೆ ಪೋಷಕಾಂಶ ಹಿಡಿದಿಡುವ ಶಕ್ತಿ ಕಡಿಮೆ. ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಕಚ್ಚಿಕೊಂಡು ಬೇರಿಗೆ ಬಿಡುವುದಿಲ್ಲ. ಸುಣ್ಣ ಹಾಕಿದರೆ ಹುಳಿ ತಗ್ಗಿ ಈ ಹಿಡಿತ ಸ್ವಲ್ಪ ಸಡಿಲುತ್ತದೆ. ಗುಡ್ಡೆಯಿಂದ ಕೊಚ್ಚಿಹೋದ ನಯ ಮಣ್ಣು ಬೈಲಿನಲ್ಲಿ ತಂಗುತ್ತದೆ, ಅಡಿಕೆ ತೋಟ ಅಲ್ಲಿ. ಆ ತೋಟಕ್ಕೂ ಹಿರಿಯರು ಪ್ರತಿ ವರ್ಷ ಗುಡ್ಡೆಯಿಂದ ಸೊಪ್ಪು ಹೊತ್ತು ತಂದು ಹಟ್ಟಿಗೆ ಹಾಸಿ, ಗೊಬ್ಬರ ಮಾಡಿ ಬುಡಕ್ಕೆ ಹಾಕುತ್ತಿದ್ದರು.