ಸ್ತನ ತೆಗೆದ ಮೇಲೂ ಅಲ್ಲೇ ಗಂಟು ಬರುತ್ತದಾ?

ಪ್ರಶ್ನೆ: ನಮ್ಮ ಅವ್ವನಿಗೆ ಕ್ಯಾನ್ಸರ್ ಅಂತ ಎಡ ಸ್ತನ ಪೂರ್ತಿ ತೆಗೆದು ಮೂರು ವರ್ಷವಾಯಿತು. ಈಗ ಹೊಲಿಗೆ ಗೆರೆಯ ಪಕ್ಕ ಕಡಲೆಕಾಳಿನಷ್ಟು ಗಂಟು ಬಂದಿದೆ. ನೋವಿಲ್ಲ. ಸ್ತನವೇ ಇಲ್ಲ ಅಂದಮೇಲೆ ಕ್ಯಾನ್ಸರ್ ಎಲ್ಲಿಂದ ಬರಬೇಕು?
(ಓದುಗರು, ರೋಣ, ಗದಗ ಜಿಲ್ಲೆ)

ಬರಬಹುದು. ಆಪರೇಷನ್ ಚೆನ್ನಾಗಿ ಆಗಿದ್ದರೂ ಬರಬಹುದು, ಡಾಕ್ಟರನ್ನು ಬೈದು ಪ್ರಯೋಜನವಿಲ್ಲ. ಸ್ತನ ತೆಗೆದರೂ ಗಾಯ ಮುಚ್ಚೋಕೆ ಮೇಲಿನ ಚರ್ಮ ಬೇಕಲ್ವಾ? ಅದರ ಕೆಳಗೆ ಎದೆಯ ಸ್ನಾಯು, ಪಕ್ಕೆಲುಬು ಹಾಗೇ ಇರುತ್ತವೆ. ಸ್ಕ್ಯಾನಿಗೂ ಸಿಗದಷ್ಟು ಸಣ್ಣ ಕ್ಯಾನ್ಸರ್ ಕಣಗಳು ಅಲ್ಲಿ ಉಳಿದಿದ್ದರೆ ನಿಧಾನಕ್ಕೆ ಬೆಳೆಯುತ್ತವೆ. ಮೊದಲ ಗಡ್ಡೆ 5 ಸೆಂ.ಮೀ.ಗಿಂತ ದೊಡ್ಡದಿದ್ದರೆ, ಇಲ್ಲವೇ ಕಂಕುಳಿನ 4 ಅಥವಾ ಅದಕ್ಕಿಂತ ಹೆಚ್ಚು ಗ್ರಂಥಿಗಳಿಗೆ ಹರಡಿದ್ದರೆ ಅಪಾಯ ಜಾಸ್ತಿ. ಅಂಥವರಿಗೆ ಆಪರೇಷನ್ ಆದಮೇಲೆ ಕರೆಂಟ್ (ರೇಡಿಯೇಷನ್) ಕೊಡುವುದು ಇದೇ ಕಾರಣಕ್ಕೆ. ಮರಳಿ ಬರುವುದು ಹೆಚ್ಚಾಗಿ ಮೊದಲ 5 ವರ್ಷದೊಳಗೆ. ಹತ್ತು ವರ್ಷದ ನಂತರ ಬಂದವರೂ ಇದ್ದಾರೆ.

ನೋವಿಲ್ಲ ಅನ್ನುವುದು ಸಮಾಧಾನದ ಮಾತಲ್ಲ. ಇಂಥ ಗಂಟು ಬಹಳ ಸಲ ನೋಯುವುದೇ ಇಲ್ಲ. ಕೆಲವರಿಗೆ ಗಂಟೂ ಇರುವುದಿಲ್ಲ, ಚರ್ಮ ಕೆಂಪಾಗಿ ದಪ್ಪಗಾಗುತ್ತದೆ, ಸಣ್ಣ ಗುಳ್ಳೆಗಳೇಳುತ್ತವೆ. ನಮ್ಮ ಕಡೆ ಅದನ್ನು ಗಜಕರ್ಣ ಅಂದುಕೊಂಡು ಮೆಡಿಕಲ್ ಶಾಪಿನ ಮುಲಾಮು ಹಚ್ಚುತ್ತಾ ತಿಂಗಳುಗಟ್ಟಲೆ ಕೂರುತ್ತಾರೆ. ಇಲ್ಲವೇ ಯಾರೋ ಹೇಳಿದ ಲೇಪ. ಎರಡೂ ಬೇಡ.

ಹಾಗಂತ ಎಲ್ಲ ಗಂಟೂ ಕ್ಯಾನ್ಸರಲ್ಲ. ಹೊಲಿಗೆ ದಾರದ ಸುತ್ತ, ಗಟ್ಟಿಯಾದ ಕೊಬ್ಬಿನಿಂದಲೂ ಗಂಟಾಗುತ್ತದೆ. ಕೈಯಿಂದ ಮುಟ್ಟಿ ಯಾರೂ ಖಚಿತವಾಗಿ ಹೇಳಲಾರರು. ಗಂಟಿನ ತುಣುಕು ತೆಗೆದು ನೋಡುವ ಬಯಾಪ್ಸಿಯೇ ಆಗಬೇಕು. ಕ್ಯಾನ್ಸರ್ ಅಂತ ಬಂದರೆ ಅದರ ಬಗೆ ತಿಳಿಸುವ ಹಾರ್ಮೋನ್ ಮತ್ತು ಹರ್‌-2 ಪರೀಕ್ಷೆಯನ್ನು ಹೊಸ ತುಣುಕಿನ ಮೇಲೇ ಮತ್ತೆ ಮಾಡಿಸಿ. ಮೊದಲಿನ ಫಲಿತಾಂಶ ಈಗ ಬದಲಾಗಿರಬಹುದು, ಔಷಧಿ ಅದರ ಮೇಲೆ ನಿಂತಿದೆ. ಬೇರೆಲ್ಲಾದರೂ ಹರಡಿದೆಯೇ ಅಂತ ಸ್ಕ್ಯಾನ್ ಕೂಡ ಮಾಡುತ್ತಾರೆ. ಎದೆಗೋಡೆಯಲ್ಲಿ ಮಾತ್ರ ಇದ್ದರೆ, ಪೂರ್ತಿ ಗುಣಪಡಿಸುವ ಉದ್ದೇಶದಿಂದಲೇ ಚಿಕಿತ್ಸೆ ಶುರುಮಾಡುತ್ತಾರೆ: ಗಂಟು ತೆಗೆಯುವುದು, ಕರೆಂಟ್, ಔಷಧಿ.

ಮೊದಲು ಆಪರೇಷನ್ ಆದ ಆಸ್ಪತ್ರೆಗೇ ಹೋಗಿ. ಆಗದಿದ್ದರೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಇದೆ. ಹಳೇ ಫೈಲ್ ಮರೆಯಬೇಡಿ. ಅದರಲ್ಲೂ ಕರೆಂಟ್ ಕೊಟ್ಟಿದ್ದರ ಚೀಟಿ ಮುಖ್ಯ. ಎಷ್ಟು, ಎಲ್ಲಿಗೆ ಕೊಟ್ಟಿದ್ದರು ಅಂತ ಗೊತ್ತಿಲ್ಲದೆ ಮತ್ತೆ ಕೊಡುವ ನಿರ್ಧಾರ ಕಷ್ಟ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ.

ಇನ್ನೊಂದು. ಹೋದ ಸಲದ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ನಾರ್ಮಲ್ ಬಂದಿತ್ತು ಅಂತ ಸುಮ್ನೆ ಕೂರಬೇಡಿ. ಅದು ನೋಡಿದ್ದು ಬಲ ಸ್ತನವನ್ನು. ಎಡಗಡೆ ನೋಡಬೇಕಾದ್ದು ಕಣ್ಣು, ಬೆರಳು.