ದಿನಾ ರಾಗಿ, ಸೊಪ್ಪು ತಿನ್ನುವ ಮಗಳಿಗೆ ಕಬ್ಬಿಣದ ಮಾತ್ರೆ ಯಾಕೆ?

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡ್ತಾರೆ. ನುಂಗಿದ್ರೆ ಹೊಟ್ಟೆ ತೊಳೆಸುತ್ತೆ ಅಂತಾಳೆ. ಮನೇಲಿ ಮುದ್ದೆ, ಸೊಪ್ಪಿನ ಸಾರು ಇದ್ದೇ ಇರುತ್ತೆ. ಮಾತ್ರೆ ಬೇಕೇ ಬೇಕಾ? (ಒಬ್ಬ ತಾಯಿ, ಲಗ್ಗೆರೆ, ಬೆಂಗಳೂರು)

ಬೇಕು, ಅಮ್ಮ. ನಿಮ್ಮ ಮನೆಯ ಊಟ ಬಹಳ ಒಳ್ಳೆಯದು, ಅದನ್ನು ಬಿಡಿಸಬೇಡಿ. ಆದರೆ ಈ ವಯಸ್ಸಿಗೆ ಅದೊಂದೇ ಸಾಲುವುದಿಲ್ಲ.

ಮೈ ಬೆಳೆಯುವ ಕಾಲ, ಜೊತೆಗೆ ತಿಂಗಳು ತಿಂಗಳು ಮುಟ್ಟು. 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣಾಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. 100 ಗ್ರಾಂ ರಾಗಿಯಲ್ಲಿರುವುದು ಸುಮಾರು 4.6 ಮಿಲಿಗ್ರಾಂ. ಬರೀ ಮುದ್ದೆಯಲ್ಲೇ ಪೂರೈಸಬೇಕೆಂದರೆ ದಿನಕ್ಕೆ ಅರ್ಧ ಕೆಜಿಗೂ ಮೀರಿ ಹಿಟ್ಟು ಬೇಕಾದೀತು.

ರಾಗಿಯಲ್ಲಿರುವ ಕಬ್ಬಿಣವೆಲ್ಲ ರಕ್ತಕ್ಕೆ ಸೇರುವುದೂ ಇಲ್ಲ. ಕಾಳು ತನ್ನೊಳಗಿನ ಸಸಿಗಾಗಿ ರಂಜಕವನ್ನು ಫೈಟೇಟ್ ರೂಪದಲ್ಲಿ ಕೂಡಿಟ್ಟಿರುತ್ತದೆ. ಆ ಫೈಟೇಟ್ ಕಬ್ಬಿಣವನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದನ್ನು ಒಡೆಯುವ ಶಕ್ತಿ ನಮ್ಮ ಕರುಳಿಗೆ ಹೆಚ್ಚಿಲ್ಲ. ಕೆಂಪು ಸಿಪ್ಪೆಯಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಕೂಡ ಅಡ್ಡ ಬರುತ್ತದೆ. ಫೈಟೇಟ್ ಕಡಿಮೆಯಿರುವ ತಳಿ ಬೆಳೆಸಬಾರದೇ? ಬೆಂಕಿ ರೋಗ ತಡೆಯುವ ಜಿಪಿಯು-28 ರಾಗಿ ತಳಿ ಕೊಟ್ಟದ್ದು ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಜಿಕೆವಿಕೆಯೇ. ಆದರೆ ಫೈಟೇಟ್ ಇಳಿಸುವುದು ಕಷ್ಟದ ಕೆಲಸ: ಮೆಕ್ಕೆಜೋಳ, ಭತ್ತದಂಥ ಬೆಳೆಗಳಲ್ಲಿ ಹಾಗೆ ಮಾಡಿದಾಗ ಎಷ್ಟೋ ಸಲ ಮೊಳಕೆಯ ಕಸುವು, ಇಳುವರಿ ಎರಡೂ ಕುಗ್ಗಿವೆ. ಮನೆಯಲ್ಲೇ ಒಂದು ದಾರಿಯಿದೆ. ರಾಗಿ ನೆನೆಸಿ ಮೊಳಕೆ ಕಟ್ಟಿದರೆ ಕಾಳಿನೊಳಗಿನ ಕಿಣ್ವ ಎಚ್ಚೆತ್ತು ಫೈಟೇಟನ್ನು ತಾನೇ ಒಡೆಯುತ್ತದೆ. ಮೊಳಕೆ ರಾಗಿಯನ್ನು ಒಣಗಿಸಿ, ಹುರಿದು ಬೀಸಿಸಿ ಗಂಜಿ ಮಾಡಿಕೊಡಿ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿ, ಊಟದ ಜೊತೆ ಸೀಬೆಹಣ್ಣು ಕೊಡಿ. ಸಿ ಜೀವಸತ್ವದಿಂದ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಊಟವಾದ ಕೂಡಲೇ ಕಾಫಿ ಮಾತ್ರ ಬೇಡ. 1983ರ ಒಂದು ಅಧ್ಯಯನದಲ್ಲಿ ಊಟದ ಜೊತೆ ಕುಡಿದ ಒಂದು ಲೋಟ ಕಾಫಿ ಕಬ್ಬಿಣದ ಹೀರಿಕೆಯನ್ನು 39% ತಗ್ಗಿಸಿತ್ತು, ಟೀ 64%. ಊಟವಾಗಿ ಒಂದು ಗಂಟೆ ಬಿಟ್ಟು ಕುಡಿದರೂ ಕಾಫಿಯ ತೊಂದರೆ ಅಷ್ಟೇ ಇತ್ತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ಇರಲಿಲ್ಲ.

ಮಾತ್ರೆಯ ಪರವಾಗಿ ನನ್ನ ಮನಸ್ಸನ್ನು ಗಟ್ಟಿ ಮಾಡಿದ್ದು ಅರ್ಥಶಾಸ್ತ್ರಜ್ಞರ ಕೆಲಸ. ಪೆರು ದೇಶದ ಹಳ್ಳಿಯೊಂದರ ಆರೋಗ್ಯ ಕೇಂದ್ರದಲ್ಲಿ 100 ಮಿಲಿಗ್ರಾಂ ಕಬ್ಬಿಣದ ಮಾತ್ರೆ ಇಟ್ಟು, ತೆಗೆದುಕೊಳ್ಳಿರೆಂದು ಹೈಸ್ಕೂಲು ಮಕ್ಕಳಿಗೆ ಶಾಲೆಯ ಕಂಪ್ಯೂಟರಿನಲ್ಲಿ ವಿಡಿಯೊ ತೋರಿಸಿದರು. ಮೂರು ತಿಂಗಳಲ್ಲಿ ಮಕ್ಕಳು ನುಂಗಿದ್ದು ಸರಾಸರಿ 10 ಮಾತ್ರೆ, ಅಷ್ಟೇ. ರಕ್ತಹೀನತೆ ಇದ್ದ ಮಕ್ಕಳ ಅಂಕಗಳು ಅಷ್ಟಕ್ಕೇ ಎದ್ದು ಕಾಣುವಷ್ಟು ಏರಿದವು, ಹೆಚ್ಚು ಮಕ್ಕಳು ಮುಂದಿನ ತರಗತಿಗೆ ಹೋದರು. ಎಲ್ಲ ಉಪಾಯವೂ ಹೀಗೆ ಫಲಿಸುವುದಿಲ್ಲ. ಬಿಹಾರದ 400 ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕಬ್ಬಿಣ ಬೆರೆಸಿದ ಉಪ್ಪನ್ನು ಪರೀಕ್ಷಿಸಿದರು. ಮಾರಿದರೂ ಪುಕ್ಕಟೆ ಕೊಟ್ಟರೂ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಅದೇ ಬಗೆಯ ಉಪ್ಪನ್ನು ಶಾಲೆಯ ಬಿಸಿಯೂಟಕ್ಕೆ ಹಾಕಿದ ಇನ್ನೊಂದು ಬಿಹಾರದ ಅಧ್ಯಯನದಲ್ಲಿ ಮಕ್ಕಳ ರಕ್ತಹೀನತೆ ಇಳಿಯಿತು. ಶಾಲೆಯಲ್ಲೇ, ಎಲ್ಲರೂ ಕೂತು ಒಟ್ಟಿಗೆ ನುಂಗುವ ಮಾತ್ರೆಯನ್ನು ಹಗುರವಾಗಿ ನೋಡಬೇಡಿ ಎನ್ನುವುದು ಇದಕ್ಕೇ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ದೇಶದ 15-19ರ ಹುಡುಗಿಯರಲ್ಲಿ 59% ಮಂದಿಗೆ ರಕ್ತಹೀನತೆ. ಬೆರಳ ತುದಿಯ ಹನಿ ರಕ್ತದಿಂದ ಅಳೆದರೆ ಈ ಅಂಕಿ ಉಬ್ಬುತ್ತದೆ ಎಂಬ ವಾದ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರದ್ದು. ಅದರಲ್ಲಿ ಹುರುಳಿದೆ. ಆದ್ದರಿಂದ ಮಗಳಿಗೆ ಸುಸ್ತು, ಏದುಸಿರು ಇದ್ದರೆ ತೋಳಿನ ರಕ್ತನಾಳದಿಂದ ರಕ್ತ ತೆಗೆಸಿ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಬಂದರೆ ವಾರದ ಮಾತ್ರೆ ಸಾಕಾಗದೆ ಹೋಗಬಹುದು. ಎಷ್ಟು ಕೊಡಬೇಕೆಂದು ಡಾಕ್ಟರೇ ಹೇಳಲಿ.

ಹೊಟ್ಟೆ ತೊಳೆಸುವುದು ಸುಳ್ಳಲ್ಲ, ಮಗಳನ್ನು ಗದರಬೇಡಿ. ಖಾಲಿ ಹೊಟ್ಟೆಯಲ್ಲಿ ಬೇಡ, ಬಿಸಿಯೂಟ ಆದಮೇಲೆ ನುಂಗಲಿ. ಮಲ ಕಪ್ಪಾದರೆ ಹೆದರಬೇಡ ಅಂತ ಮೊದಲೇ ಹೇಳಿಡಿ. ಆಗಸ್ಟ್ ಮತ್ತು ಫೆಬ್ರವರಿಯಲ್ಲಿ ಶಾಲೆಯಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನೂ ತಪ್ಪಿಸಬೇಡಿ.